‘ಬೇ’ ಬೈಗುಳವಲ್ಲ, ಅದರೊಳಗೆ ಅವ್ವ ಇದ್ದಾಳೆ

“ಉಂಡಿ ಏನ್ ಬೇ?” ಹುಬ್ಬಳ್ಳಿ ಕಡೆ ಮಗ ಅವ್ವನನ್ನು ಕೇಳುವುದೇ ಹೀಗೆ. ಬೆಂಗಳೂರಿನಿಂದ ಬಂದಿದ್ದ ಗೆಳೆಯ ನಮ್ಮ ಮನೆಯಲ್ಲಿ ಇದನ್ನು ಕೇಳಿ ಗಾಬರಿಯಾದ. ಅವನಿಗೆ ಹಿಂದಿಯ ‘ಅಬೇ’ ನೆನಪಾಗಿತ್ತು. ಹೆತ್ತ ತಾಯಿಗೆ ಹಾಗೆಲ್ಲ ಅಂತಾರಾ ಅಂದ.

ಹಳಗನ್ನಡದಲ್ಲಿ ಅಬ್ಬೆ ಅಂದರೆ ತಾಯಿ. ಹೆಣ್ಣುಮಕ್ಕಳ ಹೆಸರಿನ ಕೊನೆಗೂ ಅದನ್ನು ಗೌರವಕ್ಕೆ ಸೇರಿಸುತ್ತಿದ್ದರು. ಸಾಕ್ಷಿ ಬೇಕಾದರೆ ಗದಗದ ಹತ್ತಿರದ ಲಕ್ಕುಂಡಿಗೆ ಹೋಗಿ. ಅಲ್ಲಿನ ಬ್ರಹ್ಮ ಜಿನಾಲಯವನ್ನು 1007ರಲ್ಲಿ ಕಟ್ಟಿಸಿದವಳು ಅತ್ತಿಮಬ್ಬೆ. ರನ್ನ 993ರಲ್ಲಿ ಅಜಿತಪುರಾಣ ಬರೆದದ್ದು ಅವಳ ಆಶ್ರಯದಲ್ಲೇ. ಅವಳ ತಂಗಿ ಗುಂಡಮಬ್ಬೆ. ಇಬ್ಬರ ಹೆಸರಲ್ಲೂ ಅಬ್ಬೆ ಇದ್ದಾಳೆ, ನೋಡಿ.

ಅಬ್ಬೆ, ಅವ್ವೆ, ಅವ್ವ ಮೂರೂ ಒಂದೇ ಬಳ್ಳಿಯವು. ತಮಿಳಿನ ಅವ್ವೈ ಕೂಡ ಇದೇ ಬಳ್ಳಿ. ತೆಲುಗಿನಲ್ಲಿ ಅವ್ವ ಅಂದರೆ ಅಜ್ಜಿ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅವ್ವ ತಾಯಿ, ಅಮ್ಮ ಅಜ್ಜಿ! ಕರಾವಳಿಯ ಹವ್ಯಕರಂತೂ ತಾಯಿಯನ್ನು ಇವತ್ತಿಗೂ ಅಬ್ಬೆ ಅಂತಲೇ ಕರೆಯುತ್ತಾರೆ.

ಇನ್ನು ‘ಬೇ’. ಅಬ್ಬೆಯ ಬಾಲವೇ ಈ ‘ಬೇ’ ಅನ್ನುವುದು ನನ್ನ ನಂಬಿಕೆ. ಯಾಕೆ ಅಂದರೆ, ಇದನ್ನು ನಾವು ಅವ್ವನಿಗೆ, ಚಿಗವ್ವನಿಗೆ, ದೊಡ್ಡವ್ವನಿಗೆ, ಓಣಿಯ ಹಿರಿಯ ಹೆಣ್ಣುಮಕ್ಕಳಿಗೆ ಅನ್ನುತ್ತೇವೆ. ಗಂಡಸರಿಗೆ ‘ಪಾ’ ಇದೆ. ಅವತ್ತು ಅವ್ವ ಆ ಗೆಳೆಯನಿಗೆ “ಇನ್ನೊಂದ್ ರೊಟ್ಟಿ ತೊಗೋಪಾ” ಅಂದಳಲ್ಲ, ಆ ‘ಪಾ’ ಅಪ್ಪನ ಬಾಲ. ಸಣ್ಣ ಹುಡುಗಿಗೆ “ಬಾರವಾ” ಅಂತೇವೆ. ಆ ‘ವಾ’ ಅವ್ವನದು. ಅಪ್ಪನಿಂದ ಪಾ, ಅವ್ವನಿಂದ ವಾ ಬಂದ ಮೇಲೆ ಅಬ್ಬೆಯಿಂದ ಬೇ ಬರದೇ ಇರುತ್ತದಾ? ನಾವು ಮಾತು ಮಾತಿಗೂ ಎದುರಿನವರನ್ನು ತಂದೆ ತಾಯಿ ಅಂತಲೇ ಕರೆಯುತ್ತಿದ್ದೇವೆ. ಸುಮ್ನೆ ಬಾಯಿಚಟ ಅಲ್ಲ ಇದು.

ಹೆಸರುಗಳದು ಮಾತ್ರ ಬೇರೆ ಕಥೆ. ಬಸವ್ವ, ನೀಲವ್ವ, ಗಂಗವ್ವ ಅನ್ನುವ ಹೆಸರಿನವರು ನಮ್ಮ ಓಣಿಯಲ್ಲಿ ಈಗ ಅಜ್ಜಿಯರಷ್ಟೇ. ಮೊಮ್ಮಕ್ಕಳ ಹೆಸರಲ್ಲಿ ಅವ್ವ ಇಲ್ಲ. ಲಕ್ಕುಂಡಿಯಿಂದ ಸಾವಿರ ವರ್ಷ ನಡೆದು ಬಂದ ಬಾಲ ನನ್ನ ಕಣ್ಣೆದುರೇ ಉದುರುತ್ತಿದೆ ಅನ್ನುವುದು ಸಂಕಟದ ಮಾತು. ಊರ ದೇವಿಯರು ಇನ್ನೂ ದ್ಯಾಮವ್ವ, ದುರಗವ್ವ ಆಗಿಯೇ ಇದ್ದಾರೆ.