ನೀರುಚಿಗಟ ಮತ್ತು ಮೈಲುತುತ್ತ

ರಾತ್ರಿ ತಾಮ್ರದ ಚೊಂಬಿನಲ್ಲಿ ತುಂಬಿಟ್ಟ ನೀರನ್ನು ಬೆಳಿಗ್ಗೆ ಕುಡಿಯುವ ರೂಢಿ ನಮ್ಮಲ್ಲಿ ಅನೇಕ ಮನೆಗಳಲ್ಲಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂವರೆಗೆ ತಾಮ್ರ ಇರಬಹುದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಆದರೆ ಆ ಮಿತಿಯ ನೂರರಲ್ಲಿ ಎರಡು ಮೂರು ಪಾಲಿನಷ್ಟು ತಾಮ್ರ ಮೃದು ನೀರಿನಲ್ಲಿ ಕರಗಿದ್ದರೂ ಸಾಕು, ಡ್ಯಾಫ್ನಿಯಾ ಎಂಬ ನೀರುಚಿಗಟದ ಎಳೆಯ ಮರಿಗಳಲ್ಲಿ ಅರ್ಧದಷ್ಟು ಎರಡೇ ದಿನಗಳಲ್ಲಿ ಈಜುವುದನ್ನು ನಿಲ್ಲಿಸುತ್ತವೆ. ಹೆಸರು ಚಿಗಟವಾದರೂ ಇದು ಕೀಟವಲ್ಲ. ಏಡಿ, ಸೀಗಡಿಗಳ ಬಳಗದ ಕಠಿಣಚರ್ಮಿ. ಕೆಲವೇ ಮಿಲಿಮೀಟರ್ ಉದ್ದದ ಇದರ ಮೈ ಎಷ್ಟು ಪಾರದರ್ಶಕವೆಂದರೆ, ಮಿಡಿಯುವ ಹೃದಯವನ್ನೂ ಬೆನ್ನಿನ ಚೀಲದಲ್ಲಿರುವ ಮೊಟ್ಟೆಗಳನ್ನೂ ಸಾಧಾರಣ ಸೂಕ್ಷ್ಮದರ್ಶಕದಲ್ಲೇ ನೋಡಬಹುದು.

ಈ ಜೀವಿಗಳಿಲ್ಲದ ಕೆರೆ ಹೇಗಿರುತ್ತದೆಂಬುದಕ್ಕೆ ಉತ್ತರ ಇಟಲಿಯ ಓರ್ಟಾ ಸರೋವರದ ಚರಿತ್ರೆಯಲ್ಲಿದೆ. 1926ರಲ್ಲಿ ಅದರ ದಕ್ಷಿಣ ದಡದ ಬಳಿ ರೇಯಾನ್ ನೂಲಿನ ಕಾರ್ಖಾನೆಯೊಂದು ಆರಂಭವಾಯಿತು. ಹತ್ತಿಯ ಸೆಲ್ಯುಲೋಸನ್ನು ತಾಮ್ರ ಮತ್ತು ಅಮೋನಿಯಾ ಬೆರೆತ ದ್ರಾವಣದಲ್ಲಿ ಕರಗಿಸಿ ಎಳೆ ತೆಗೆಯುವ ವಿಧಾನ ಅದರದು. ಉಳಿದ ದ್ರವವೆಲ್ಲ ಸರೋವರಕ್ಕೆ ಹರಿಯಿತು. ಮೊದಲು ಪಾಚಿ, ಅದನ್ನು ಸೋಸಿ ತಿನ್ನುವ ನೀರುಚಿಗಟ, ಅವನ್ನು ನಂಬಿದ ಮೀನು, ಹೀಗೆ ಕೆಲವೇ ವರ್ಷಗಳಲ್ಲಿ ಬದುಕು ಬರಿದಾಯಿತು. ರೀನಾ ಮೊಂಟಿ ಎಂಬ ವಿಜ್ಞಾನಿ 1930ರಲ್ಲೇ ಈ ಅಳಿವನ್ನು ದಾಖಲಿಸಿದರು. ಅಷ್ಟು ಬೇಗ, ಅಷ್ಟು ಸ್ಪಷ್ಟವಾಗಿ ಎಚ್ಚರಿಕೆ ದೊರೆತಿದ್ದರೂ ಚೇತರಿಕೆಯ ಕೆಲಸ ಶುರುವಾಗಲು ಅರ್ಧ ಶತಮಾನ ಬೇಕಾಯಿತೆಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ತಾಮ್ರ ಕೊಲ್ಲುವ ಬಗೆಯನ್ನು ತಿಳಿಯಲು ಉಪ್ಪಿನಿಂದ ಆರಂಭಿಸಬೇಕು. ಸಿಹಿನೀರಿನ ಪ್ರಾಣಿಯ ಒಡಲಿನಲ್ಲಿ ಹೊರಗಿನ ನೀರಿಗಿಂತ ಎಷ್ಟೋ ಪಾಲು ಹೆಚ್ಚು ಸೋಡಿಯಂ ಇರುವುದರಿಂದ ಅದು ಸದಾ ಹೊರಕ್ಕೆ ಸೋರುತ್ತಿರುತ್ತದೆ, ಸೋರಿದಷ್ಟನ್ನೂ ಕಿವಿರಿನಂಥ ಅಂಗಗಳು ದುಡಿದು ಒಳಕ್ಕೆ ಎಳೆದುಕೊಳ್ಳಬೇಕಾಗುತ್ತದೆ. ತಾಮ್ರದ ಅಯಾನು ಈ ಎಳೆದುಕೊಳ್ಳುವ ಕಿಣ್ವಕ್ಕೇ ಅಂಟಿಕೊಂಡು ಅದನ್ನು ಸ್ತಬ್ಧಗೊಳಿಸುತ್ತದೆ. ಕ್ಯಾಡ್ಮಿಯಂ ಎಂಬ ಇನ್ನೊಂದು ವಿಷಲೋಹದ ದಾರಿ ಬೇರೆ. ಅದರ ಅಯಾನು ಗಾತ್ರದಲ್ಲಿ ಕ್ಯಾಲ್ಸಿಯಂ ಅಯಾನಿಗೆ ತೀರ ಹತ್ತಿರವಾದ್ದರಿಂದ ಕ್ಯಾಲ್ಸಿಯಂಗೆಂದು ತೆರೆದ ಬಾಗಿಲಿನಲ್ಲೇ ಒಳಗೆ ಬರುತ್ತದೆ. ಎರಡು ಮೂರು ದಿನಕ್ಕೊಮ್ಮೆ ಹಳೆಯ ಕವಚ ಕಳಚಿ, ಹೊಸದಕ್ಕೆ ಬೇಕಾದ ಕ್ಯಾಲ್ಸಿಯಂನ ಬಹುಪಾಲನ್ನು ನೀರಿನಿಂದಲೇ ಪಡೆಯುವ ಪ್ರಾಣಿಗೆ ಇದು ದೊಡ್ಡ ಪೆಟ್ಟು.

ಸಾವನ್ನು ಎಣಿಸಿದರಷ್ಟೇ ಹಾನಿ ಪೂರ್ತಿ ಕಾಣುವುದಿಲ್ಲ. ಪ್ರಯೋಗಾಲಯಗಳಲ್ಲಿ 48 ಗಂಟೆಗಳ ಪರೀಕ್ಷೆಯ ಜೊತೆಗೆ 21 ದಿನಗಳ ಇನ್ನೊಂದು ಪರೀಕ್ಷೆ ಇರುವುದು ಇದಕ್ಕಾಗಿಯೇ. ಅದರಲ್ಲಿ ತಾಯಿ ಹಾಕಿದ ಮರಿಗಳನ್ನು ಎಣಿಸಲಾಗುತ್ತದೆ. ನನಗೆ ಎಲ್ಲಕ್ಕಿಂತ ಕಳವಳಕಾರಿಯಾಗಿ ಕಂಡದ್ದು ವಾಸನೆಯ ಸಂಗತಿ. ತಮ್ಮನ್ನು ತಿನ್ನುವ ನೊರಜಿನ ಮರಿಹುಳುಗಳ ವಾಸನೆ ನೀರಿನಲ್ಲಿ ಸಿಕ್ಕರೆ ಒಂದು ಜಾತಿಯ ಡ್ಯಾಫ್ನಿಯಾ ಮರಿಗಳು ಕತ್ತಿನ ಹಿಂಬದಿಯಲ್ಲಿ ಸಣ್ಣ ಹಲ್ಲುಗಳನ್ನು ಬೆಳೆಸಿಕೊಂಡು ನುಂಗಲು ಕಷ್ಟವಾಗುವಂತೆ ಮಾಡಿಕೊಳ್ಳುತ್ತವೆ. ಕೊಲ್ಲಲು ಸಾಲದಷ್ಟು ತಾಮ್ರವೂ ಈ ರಕ್ಷಣೆಯನ್ನು ಕೆಡಿಸುತ್ತದೆ. ಅಂಥ ಮರಿ ಪರೀಕ್ಷೆಯ ಗಾಜಿನ ಲೋಟದಲ್ಲಿ ಬದುಕಿರುತ್ತದೆ, ಕೆರೆಯಲ್ಲಿ ಬದುಕುವುದಿಲ್ಲ.

ನೀರಿನ ಗುಣವೂ ಲೆಕ್ಕಕ್ಕೆ ಬರುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಲೋಹಕ್ಕೆ ಪೈಪೋಟಿ ನೀಡುತ್ತದೆ, ಕೊಳೆತ ಎಲೆಗಳಿಂದ ಇಳಿದ ಕಂದು ಪದಾರ್ಥ ತಾಮ್ರವನ್ನು ಹಿಡಿದಿಡುತ್ತದೆ. ಹೀಗಾಗಿ ಬಯಲುಸೀಮೆಯ ಗಡಸು ನೀರಿನಲ್ಲಿ ಸಹ್ಯವಾಗುವ ಪ್ರಮಾಣ ಮಲೆನಾಡಿನ ಹಳ್ಳದ ಮೃದು ನೀರಿನಲ್ಲಿ ಮಾರಕವಾಗಬಹುದು. ಇದನ್ನು ಹೇಳಲು ಕಾರಣವಿದೆ. ಅಡಿಕೆಯ ಕೊಳೆರೋಗಕ್ಕೆ ಮಳೆಗಾಲದಲ್ಲಿ ಸಿಂಪಡಿಸುವ ಶೇ. 1ರ ಬೋರ್ಡೋ ದ್ರಾವಣದ ನೂರು ಲೀಟರಿನಲ್ಲಿ ಒಂದು ಕಿಲೋ ಮೈಲುತುತ್ತ, ಎಂದರೆ ತಾಮ್ರದ ಸಲ್ಫೇಟ್, ಇರುತ್ತದೆ. ಔಷಧಿ ಹೊಡೆಯಬೇಡಿರೆಂದು ಬೆಳೆಗಾರರಿಗೆ ಹೇಳುವುದು ಅನ್ಯಾಯ. ಕೊಳೆ ಬಂದರೆ ವರ್ಷದ ಫಸಲೇ ಹೋಗುತ್ತದೆ. ಆದರೆ ದ್ರಾವಣ ಕಲಸಿದ ಡ್ರಮ್ಮನ್ನು ಹಳ್ಳದಲ್ಲಿ ತೊಳೆಯದಿರುವುದು ಯಾರ ಕೈಯಲ್ಲಾದರೂ ಇರುವ ಕೆಲಸ.

ಬೋರ್ಡೋ ದ್ರಾವಣದಲ್ಲಿ ಮೈಲುತುತ್ತದ ತೀಕ್ಷ್ಣತೆಯನ್ನು ಪಳಗಿಸುವುದು ಸುಣ್ಣ. ಓರ್ಟಾವನ್ನು ಉಳಿಸಿದ್ದೂ ಸುಣ್ಣದ ಕಲ್ಲಿನ ಪುಡಿಯೇ. ಅಮೋನಿಯಾ ಉತ್ಕರ್ಷಣೆಗೊಂಡು ಸರೋವರ ಆಮ್ಲವಾಗಿತ್ತು, ಆಮ್ಲದಲ್ಲಿ ತಾಮ್ರ ಕರಗಿಯೇ ಉಳಿದಿತ್ತು. 1989 ಮತ್ತು 1990ರಲ್ಲಿ ಹತ್ತು ಸಾವಿರ ಟನ್ನಿಗೂ ಹೆಚ್ಚು ಪುಡಿಯನ್ನು ನೀರಿಗೆ ಹರಡಿದ ಮೇಲೆ ಆಮ್ಲತೆ ಇಳಿಯಿತು, ತಾಮ್ರ ತಳಕ್ಕೆ ಕುಳಿತಿತು, ನಂತರದ ವರ್ಷಗಳಲ್ಲಿ ನೀರುಚಿಗಟಗಳು ಮರಳಿದವು. ತಾಮ್ರ ಮಾತ್ರ ಕೊಳೆತು ಇಲ್ಲವಾಗುವ ವಸ್ತುವಲ್ಲ. ಆ ದಶಕಗಳ ತಾಮ್ರವನ್ನು ಹೊತ್ತ ಕೆಸರಿನ ಪದರುಗಳು ಸರೋವರದ ತಳದಲ್ಲಿ ಹಾಗೆಯೇ ಇವೆ.