ಡೌನ್‌ಲೋಡ್ ಮಾಡಿದ ಪಾಠ ಊರಿಗೆ ಹೋದರೆ ಯಾಕೆ ಓಡುವುದಿಲ್ಲ?

ಪ್ರಶ್ನೆ: ಧಾರವಾಡದ ಸಪ್ತಾಪುರದಲ್ಲಿ ಪಿಜಿಯಲ್ಲಿದ್ದು ಪರೀಕ್ಷೆಗೆ ಓದುತ್ತಿದ್ದೇನೆ. ಕೋಚಿಂಗ್ ಆಪ್‌ಗೆ ವರ್ಷದ ಫೀ ಕಟ್ಟಿದ್ದೇನೆ. ಹಬ್ಬಕ್ಕೆ ಹಾನಗಲ್ ಕಡೆ ನಮ್ಮೂರಿಗೆ ಹೋಗುವಾಗ 40 ವಿಡಿಯೋ ಡೌನ್‌ಲೋಡ್ ಮಾಡಿಕೊಂಡಿದ್ದೆ. ಊರಲ್ಲಿ ನೆಟ್‌ವರ್ಕ್ ಇಲ್ಲ. ಒಂದು ವಿಡಿಯೋನೂ ಓಪನ್ ಆಗಲಿಲ್ಲ, ‘ಲೈಸೆನ್ಸ್ ಅವಧಿ ಮುಗಿದಿದೆ’ ಅಂತ ಬಂತು. ತಮ್ಮನ ಫೋನಿಗೆ ಹಾಕಿದರೂ ಓಡಲಿಲ್ಲ. ದುಡ್ಡು ಕೊಟ್ಟ ಮೇಲೆ ಅದು ನಂದೇ ಅಲ್ವಾ?

ಉತ್ತರ: ನಿಮ್ಮ ಸಿಟ್ಟು ಸರಿಯಾಗಿಯೇ ಇದೆ. ಆದರೆ ಇಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ. ತಮ್ಮನ ಫೋನಿನಲ್ಲಿ ಓಡದಿದ್ದದ್ದು ತಪ್ಪಲ್ಲ. ನಿಮ್ಮ ಫೋನಿನಲ್ಲೇ ಓಡದಿದ್ದದ್ದು ಆಪ್ ಮಾಡಿದವರ ತಪ್ಪು.

ವಿಡಿಯೋ ನಿಮ್ಮ ಫೋನಿಗೆ ಬರುವ ಮೊದಲೇ ಅದಕ್ಕೆ ಕೀಲಿ ಹಾಕಿರುತ್ತಾರೆ. ಕೀಲಿಕೈ ಬೇರೆ ಕಡೆಯಿಂದ ಬರಬೇಕು, ಲೈಸೆನ್ಸ್ ಸರ್ವರ್‌ನಿಂದ. ನೀವು ಫೀ ಕಟ್ಟಿದ್ದೀರಾ ಅಂತ ಅದು ನೋಡಿ, ಕೀಲಿಕೈ ಜೊತೆ ಒಂದಿಷ್ಟು ಷರತ್ತು ಕಳಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ಈ ಕೆಲಸ ಮಾಡುವುದು ಗೂಗಲ್‌ನ ವೈಡ್‌ವೈನ್, ಐಫೋನ್‌ನಲ್ಲಿ ಆಪಲ್‌ನ ಫೇರ್‌ಪ್ಲೇ. ಕೀಲಿಕೈ ನಿಮ್ಮ ಫೋನಿಗೆ ಅಂಟಿಕೊಂಡೇ ಇರುತ್ತದೆ. ಫೈಲ್ ಕಾಪಿ ಮಾಡಿದರೆ ತಮ್ಮನಿಗೆ ಸಿಗುವುದು ಕೀಲಿ ಹಾಕಿದ ಗಂಟು ಮಾತ್ರ.

ಷರತ್ತಿನಲ್ಲಿ ಸಾಮಾನ್ಯವಾಗಿ ಎರಡು ಗಡುವು ಇರುತ್ತವೆ. ಒಂದು ಡೌನ್‌ಲೋಡ್ ಮಾಡಿದ ದಿನದಿಂದ ಎಣಿಸುವುದು. ಇನ್ನೊಂದು ಮೊದಲ ಸಲ ಪ್ಲೇ ಒತ್ತಿದ ಗಳಿಗೆಯಿಂದ. ನಾನು ಹುಬ್ಬಳ್ಳಿಯಲ್ಲಿ ಇಂಥದೇ ಒಂದು ಆಪ್ ಮಾಡುವಾಗ, ಕೆಲಸ ಕೊಟ್ಟವರು ಮೊದಲ ಗಡುವು 48 ಗಂಟೆ ಸಾಕು ಅಂತ ಹಠ ಹಿಡಿದಿದ್ದರು. ಓದುವ ಮಕ್ಕಳು ಶನಿವಾರ ಊರಿಗೆ ಹೋಗಿ ಮಂಗಳವಾರ ಬರುತ್ತಾರೆ ಅನ್ನುವುದು ಅವರ ಲೆಕ್ಕದಲ್ಲೇ ಇರಲಿಲ್ಲ. ಫೀ ಮಾರ್ಚ್‌ವರೆಗೆ ಇದ್ದರೆ ಕೀಲಿಕೈಯೂ ಮಾರ್ಚ್‌ವರೆಗೆ ನಡೆಯಬೇಕು. ಅಷ್ಟು ಉದ್ದ ಕೊಡಲು ಭಯ ಇದ್ದರೆ, ಫೋನಿಗೆ ವೈಫೈ ಸಿಕ್ಕಾಗಲೆಲ್ಲ ಆಪ್ ತಾನೇ ಕೀಲಿಕೈ ಹೊಸದು ಮಾಡಿಕೊಳ್ಳಬೇಕು. ಅವಧಿ ಮುಗಿದ ಮೇಲೆ ಅಲ್ಲ, ಇನ್ನೂ ನಾಲ್ಕು ದಿನ ಇರುವಾಗಲೇ. ಪಿಜಿಯಲ್ಲಿ ರಾತ್ರಿ ಫೋನ್ ಚಾರ್ಜಿಗೆ ಇಟ್ಟು ಮಲಗುತ್ತೀರಲ್ಲ, ಆಗ ಸದ್ದಿಲ್ಲದೆ ಆಗಿಹೋಗುವ ಕೆಲಸ ಇದು. ಪ್ರತಿ ವಿಡಿಯೋ ಕೆಳಗೆ ‘ಇಂಥ ತಾರೀಕಿನವರೆಗೆ ನೆಟ್ ಇಲ್ಲದೆ ನೋಡಬಹುದು’ ಅಂತ ಒಂದು ಸಾಲು ಕನ್ನಡದಲ್ಲಿ ಇರಲೇಬೇಕು.

ಚಿತ್ರದ ಗುಣಮಟ್ಟದ ಬಗ್ಗೆಯೂ ಹೇಳಬೇಕು, ಅದು ಓದುವವರಿಗೆ ನೇರವಾಗಿ ತಟ್ಟುತ್ತದೆ. ವೈಡ್‌ವೈನ್‌ನಲ್ಲಿ ಭದ್ರತೆಗೆ ಎಲ್1, ಎಲ್2, ಎಲ್3 ಅಂತ ಮೂರು ಹಂತ. ಎಲ್1 ಫೋನಿನಲ್ಲಿ ಕೀಲಿ ತೆಗೆಯುವುದು, ಫೈಲನ್ನು ಚಿತ್ರವಾಗಿ ಬದಲಿಸುವುದು ಎಲ್ಲ ಪ್ರೊಸೆಸರ್‌ನ ಭದ್ರ ಜಾಗದೊಳಗೇ ನಡೆಯುತ್ತದೆ. ಎಲ್3ರಲ್ಲಿ ಬರೀ ಸಾಫ್ಟ್‌ವೇರ್ ನಂಬಿಕೆ. ಅದಕ್ಕೇ ಸಿನಿಮಾ ಆಪ್‌ಗಳು ಎಲ್3 ಫೋನಿಗೆ ಎಚ್‌ಡಿ ಕೊಡದೆ 480ಪಿ ಆಸುಪಾಸಿನ, ಅಷ್ಟು ಸ್ಪಷ್ಟವಲ್ಲದ ಚಿತ್ರ ಕೊಡುವುದುಂಟು. ಸಿನಿಮಾಕ್ಕೆ ಸರಿ. ಪಾಠಕ್ಕೂ ಅದೇ ನಿಯಮ ಹಾಕಿದರೆ ಏನಾಗುತ್ತದೆ ಅಂತ ನಾನು ಒಂದು ಹಳೇ ಫೋನಿನಲ್ಲಿ ನೋಡಿದ್ದೇನೆ. ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ ಸಣ್ಣಗೆ ಬರೆದ ಘಾತಾಂಕ 3ರ ಹಾಗೂ ಕಾಣುತ್ತದೆ, 8ರ ಹಾಗೂ ಕಾಣುತ್ತದೆ. ಕಡಿಮೆ ಬೆಲೆಯ ಫೋನ್ ಇರುವ ಹುಡುಗನಿಗೆ ಲೆಕ್ಕವೇ ತಪ್ಪು ಕಲಿಸಿದ ಹಾಗಾಯಿತು. ಪಾಠದ ಆಪ್ ಎಲ್3ಗೂ ಎಚ್‌ಡಿ ಕೊಡಬೇಕು.

ಸ್ಕ್ರೀನ್‌ಶಾಟ್ ತಡೆಯುವುದೂ ಹಾಗೇ. ವಿಡಿಯೋ ಓಡುವ ಪರದೆಗೆ ಮಾತ್ರ ಅದು ಬೇಕು. ಸುಮ್ನೆ ಇಡೀ ಆಪ್‌ಗೆ ಹಾಕಿದರೆ ಫೀ ಕಟ್ಟಿದ ರಸೀದಿಯ ಸ್ಕ್ರೀನ್‌ಶಾಟ್ ಅಪ್ಪನಿಗೆ ಕಳಿಸುವುದಕ್ಕೂ ಆಗುವುದಿಲ್ಲ.

ಹಾಗಾದರೆ ಕೀಲಿಯೇ ಬೇಡ ಅಲ್ವಾ ಅಂದರೆ, ಬೇಕು. ಮೇಷ್ಟ್ರು ತಿಂಗಳುಗಟ್ಟಲೆ ಮಾಡಿದ ಪಾಠ ಟೆಲಿಗ್ರಾಂ ಗುಂಪುಗಳಲ್ಲಿ ಪುಕ್ಕಟೆ ಓಡಾಡಿದರೆ ಅವರ ಅನ್ನಕ್ಕೇ ಕಲ್ಲು. ಪೂರ್ತಿ ಕೊಂಡುಕೊಂಡ ವಸ್ತುವಿನ ಮಾತು ಬೇರೆ. ಐಟ್ಯೂನ್ಸ್‌ನಲ್ಲಿ ಮಾರುವ ಹಾಡುಗಳ ಕೀಲಿಯನ್ನು ಆಪಲ್ 2009ರಲ್ಲೇ ತೆಗೆದುಹಾಕಿತು. ನೀವು ಕಟ್ಟಿದ್ದು ಒಂದು ವರ್ಷ ನೋಡುವ ಫೀ. ಹಾಗಾಗಿ ಅದು ‘ನಂದೇ’ ಅನ್ನಲು ಬರುವುದಿಲ್ಲ, ಆದರೆ ಆ ವರ್ಷದ ಒಂದೊಂದು ದಿನವೂ ನಿಮ್ಮದೇ. ಕೀಲಿ ಮುರಿದು ಕೊಡುತ್ತೇವೆ ಅನ್ನುವ ಆಪ್‌ಗಳ ಹತ್ತಿರ ಹೋಗಬೇಡಿ. ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮಿನ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಕೀಲಿ ಮುರಿದರೆ 2 ವರ್ಷದವರೆಗೆ ಜೈಲು, ಜೊತೆಗೆ ದಂಡ.

ಮುಂದಿನ ಸಲ ಊರಿಗೆ ಹೊರಡುವ ಹಿಂದಿನ ರಾತ್ರಿ ಪಿಜಿಯ ವೈಫೈನಲ್ಲಿ ಹಳೇ ವಿಡಿಯೋಗಳನ್ನು ಅಳಿಸಿ ಮತ್ತೆ ಇಳಿಸಿಕೊಳ್ಳಿ. ಆಮೇಲೆ ಫ್ಲೈಟ್ ಮೋಡ್ ಹಾಕಿ ಒಂದನ್ನು ಮಾತ್ರ ತೆರೆದು ನೋಡಿ. ಎಲ್ಲವನ್ನೂ ಒತ್ತಿ ಪರೀಕ್ಷೆ ಮಾಡಬೇಡಿ, ಒತ್ತಿದ ಪ್ರತಿಯೊಂದಕ್ಕೂ ಎರಡನೇ ಗಡುವು ಅಲ್ಲಿಂದಲೇ ಶುರುವಾಗಬಹುದು.