ಮಣ್ಣು ನಿಂತಿದೆಯಲ್ಲ ಸಾರ್ ಅಂತಾರೆ

ಪ್ರತಿ ವರ್ಷ ಸೆಪ್ಟೆಂಬರ್ ಬಂತು ಅಂದ್ರೆ ನನ್ನ ಫೋನಿಗೆ ಒಂದೇ ತರದ ಫೋಟೋ ಬರೋಕೆ ಶುರುವಾಗುತ್ತೆ. ಕಿಟಕಿ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಹತ್ತಿರೋ ಬಿರುಕು, ಅಳತೆಗೆ ಅಂತ ಪಕ್ಕದಲ್ಲಿ ಹಿಡಿದಿರೋ ಒಂದು ರೂಪಾಯಿ ನಾಣ್ಯ, ಕೆಳಗೆ "ಸಾರ್ ಅರ್ಜೆಂಟ್, ಪಕ್ಕದಲ್ಲಿ ಪಾಯ ತೆಗೀತಿದ್ದಾರೆ". ನಾನು ಕೇಳೋ ಮೊದಲ ಪ್ರಶ್ನೆ ಕೂಡ ಒಂದೇ. ಅಗೆಯೋಕೆ ಮುಂಚೆ ಈ ಗೋಡೆ ಹೇಗಿತ್ತು ಅನ್ನೋದಕ್ಕೆ ಫೋಟೋ ಇದೆಯಾ? ಇರಲ್ಲ. ಮೊಮ್ಮಗಳ ಹುಟ್ಟುಹಬ್ಬದ ಫೋಟೋದಲ್ಲಿ ಹಿಂದೆ ಆ ಗೋಡೆಯ ಒಂದು ಮೂಲೆ ಕಾಣ್ಸುತ್ತೆ, ಅದಕ್ಕೂ ಬಲೂನ್ ಅಡ್ಡ.

ನಾನು ಸ್ಟ್ರಕ್ಚರಲ್ ಎಂಜಿನಿಯರ್. ಕೆಲಸ ಬಹುಪಾಲು ಮಲ್ಲೇಶ್ವರ, ಬಸವನಗುಡಿ, ಜಯನಗರ ಕಡೆಗೆ. ಇಲ್ಲಿ ಏನು ನಡೀತಿದೆ ಅಂತ ನಿಮಗೆ ಗೊತ್ತೇ ಇದೆ. 1898ರ ಪ್ಲೇಗಿನ ಹೊತ್ತಿಗೆ ಮಾಡಿದ ಬಡಾವಣೆಗಳು ಮಲ್ಲೇಶ್ವರ ಬಸವನಗುಡಿ ಎರಡೂ, ಆಮೇಲೆ ನಿಧಾನಕ್ಕೆ ಮನೆಗಳು ಬಂದ್ವು, ಎರಡು ಮೂರು ತಲೆಮಾರು ಬಾಳಿದ್ರು, ಮಕ್ಕಳು ಆಸ್ಟಿನ್, ಪುಣೆ ಅಂತ ಹೋದ್ರು. 2014ರಲ್ಲಿ ಸಂಪಿಗೆ ರಸ್ತೆ ಮೆಟ್ರೋ ಸ್ಟೇಷನ್ ಶುರುವಾಯ್ತು, 2017ರಲ್ಲಿ ನ್ಯಾಷನಲ್ ಕಾಲೇಜು, ಸೌತ್ ಎಂಡ್ ಸರ್ಕಲ್, ಜಯನಗರ. ಈಗ ಪ್ರತಿ ಕ್ರಾಸಲ್ಲೂ ಒಂದಾದ್ರೂ ಹಸಿರು ಬಲೆ ಹೊದ್ದ ಬಿಲ್ಡಿಂಗ್. ಕೆಳಗೆ ಬರೀ ಕಂಬ ನಿಲ್ಲಿಸಿ ಸ್ಟಿಲ್ಟ್ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿ, ಎರಡು ಮನೆ ಸೈಟಿನವರಿಗೆ, ಎರಡು ಬಿಲ್ಡರ್‌ಗೆ.

ನನಗೇನೂ ಇದರ ಮೇಲೆ ಕೋಪ ಇಲ್ಲ. "ಅಯ್ಯೋ ಹಳೇ ಮಲ್ಲೇಶ್ವರ ಹೋಯ್ತು" ಅಂತ ಅಳೋರಿಗೆ ನಾನು ಹೇಳೋದು, ಸ್ವಾಮಿ ನೀವು ಆ ಹಳೇ ಮನೇಲಿ ಮಳೆಗಾಲದಲ್ಲಿ ಮದ್ರಾಸ್ ತಾರಸಿ (ಮರದ ತೊಲೆ ಮೇಲೆ ಇಟ್ಟಿಗೆ, ಗಾರೆ ಹಾಕಿದ ಸೂರು) ಕೆಳಗೆ ಬಕೆಟ್ ಇಟ್ಟುಕೊಂಡು ಮಲಗಿ ನೋಡಿ, ಆಮೇಲೆ ಮಾತಾಡೋಣ. ಮಂಡಿ ನೋವಿರೋ ಅಮ್ಮನಿಗೆ ಲಿಫ್ಟ್ ಬೇಕು. ಮಕ್ಕಳಿಲ್ಲದೆ ಭಣಭಣ ಅಂತಿದ್ದ ಕ್ರಾಸುಗಳಲ್ಲಿ ಈಗ ಮತ್ತೆ ಸ್ಕೂಲ್ ವ್ಯಾನ್ ನಿಲ್ತಿದೆ. ನಾನೇ ಇರೋದು ಒಬ್ಬರ ಹಳೇ ಮನೆ ಕೆಡವಿ ಕಟ್ಟಿದ ಬಿಲ್ಡಿಂಗಿನ ಮೂರನೇ ಮಹಡೀಲಿ. ಆದ್ರೆ ಕೆಂಪು ಆಕ್ಸೈಡ್ ನೆಲ ಒಡೆಯೋ ದಿನ ಸೈಟಲ್ಲಿ ನಿಂತ್ಕೊಳೋಕೆ ನನಗೂ ಆಗಲ್ಲ, ಅದು ಬೇರೆ ವಿಷಯ.

ನನ್ನ ತಲೆ ಕೆಡಿಸೋದು ಒಂದೇ ಮಾತು. ಕಟ್ಟಿಸೋರು, ಬಿಲ್ಡರ್, ಮೇಸ್ತ್ರಿ, ಕೆಲವು ಸಲ ಎಂಜಿನಿಯರ್ ಕೂಡ ಹೇಳೋ ಮಾತು. "ನಮ್ಮ ಸೈಟು, ನಮ್ಮ ಕಾಂಪೌಂಡ್ ಒಳಗಡೇನೇ ಅಗೀತಿದೀವಿ, ಅವರ ಮನೆಗೆ ಏನಾಗುತ್ತೆ?" ಇನ್ನೂ ಒತ್ತಿ ಹೇಳಿದ್ರೆ ಗುಂಡಿ ಕಡೆ ಕೈ ತೋರಿಸಿ, "ನೋಡಿ ಸಾರ್, ನೆಟ್ಟಗೆ ಗೋಡೆ ತರ ಮಣ್ಣು ನಿಂತಿದೆಯಲ್ಲ."

ಇದನ್ನ ಎಷ್ಟು ಸಲ ಬಿಡಿಸಿ ಹೇಳಿದೀನೋ ಲೆಕ್ಕ ಇಲ್ಲ, ಇನ್ನೊಂದು ಸಲ ಹೇಳ್ತೀನಿ, ಗೊತ್ತಿರೋರು ಕ್ಷಮಿಸಿ. ಕಾರ್ತಿಕದ ಕೊನೇ ಸೋಮವಾರ ಬಸವನಗುಡೀಲಿ ಕಡ್ಲೆಕಾಯಿ ಪರಿಷೆ ಆಗುತ್ತಲ್ಲ, ಅಲ್ಲಿ ರಾಶಿ ಮೇಲೆ ಸೇರು ಇಟ್ಟಿರ್ತಾರೆ ನೋಡಿ. ಆ ಸೇರು ನಿಂತಿರೋದು ಅದರ ತಳಕ್ಕೆ ತಾಗಿರೋ ನಾಲ್ಕು ಕಡ್ಲೆಕಾಯಿ ಮೇಲೆ ಅಂದುಕೊಂಡ್ರೆ ತಪ್ಪು. ಆ ನಾಲ್ಕನ್ನ ಪಕ್ಕದ ನಲವತ್ತು ಒತ್ತಿ ಹಿಡಿದಿವೆ, ಅವನ್ನ ಅವುಗಳ ಪಕ್ಕದ್ದು ಹಿಡಿದಿವೆ. ಈಗ ಯಾವುದೋ ಮಗು ಸೇರಿನ ತಂಟೆಗೇ ಹೋಗದೆ ಒಂದು ಗೇಣು ಆಚೆ, ರಾಶಿಯ ಬುಡದಿಂದ ಎರಡು ಬೊಗಸೆ ಎಳ್ಕೊಂಡ್ರೆ ಏನಾಗುತ್ತೆ? ಸೇರು ವಾಲುತ್ತೆ. ಮಗು ಸೇರನ್ನ ಮುಟ್ಟೇ ಇಲ್ಲ! ನಿಮ್ಮ ಪಕ್ಕದ ಮನೆ ಆ ಸೇರು. ಅವರ ಪಾಯದ ಕೆಳಗಿರೋ ಮಣ್ಣನ್ನ ಹೊರಗೆ ಜಾರದ ಹಾಗೆ ಹಿಡಿದಿರೋದು ನಿಮ್ಮ ಸೈಟಿನ ಮಣ್ಣು. ಕಾಂಪೌಂಡ್ ಗೋಡೆ ಇರೋದು ಮೇಲೆ, ಕಂದಾಯ ರಸೀದಿಗೆ, ಸೇಲ್ ಡೀಡಿಗೆ. ಕೆಳಗೆ ಮಣ್ಣಿಗೆ ಅದು ಯಾರ ಖಾತೆ ಅಂತ ಗೊತ್ತಿಲ್ಲ.

ಸರಿ, ಎಷ್ಟು ಆಳ ಹೋದ್ರೆ ಅಪಾಯ? ಅಂದಾಜಿಗೆ ಒಂದು ಲೆಕ್ಕ ಇದೆ, ಅಂದಾಜಿಗೆ ಮಾತ್ರ, ಇದನ್ನೇ ಹಿಡ್ಕೊಂಡು ಕೆಲಸ ಶುರು ಮಾಡಬೇಡಿ. ಪಕ್ಕದ ಮನೆ ಪಾಯದ ತಳದ ಅಂಚಿಂದ ನಿಮ್ಮ ಕಡೆಗೆ 45 ಡಿಗ್ರಿಯಲ್ಲಿ ಒಂದು ಗೆರೆ ಎಳೀರಿ, ನಿಮ್ಮ ಗುಂಡಿ ಆ ಗೆರೆ ದಾಟಬಾರದು. ನಮ್ಮ ಈ ಏರಿಯಾಗಳ ಹಳೇ ಮನೆಗಳದ್ದು ಸೈಜ್ ಕಲ್ಲಿನ ಪಾಯ, ನಾನು ತೆಗೆಸಿ ನೋಡಿದ್ರಲ್ಲಿ ಸಾಮಾನ್ಯವಾಗಿ ಮೂರು ಅಡಿ, ಎಲ್ಲೋ ನಾಲ್ಕು. ಅವರ ಪಾಯದ ಅಂಚು ಕಾಂಪೌಂಡಿಂದ ಮೂರಡಿ ದೂರ ಇದ್ರೆ, ಮೂರು ಪ್ಲಸ್ ಮೂರು, ಕಾಂಪೌಂಡ್ ಪಕ್ಕ ಆರಡಿ ತನಕ ಲೆಕ್ಕ ಕೂಡುತ್ತೆ. ಆದ್ರೆ ನಿಮ್ಮ ಕಾಲಂ ಫುಟಿಂಗ್, ಅಂದ್ರೆ ಕಂಬದ ಪಾಯ, ಏಳೆಂಟು ಅಡಿ ಹೋಗುತ್ತೆ, ಸ್ಟಿಲ್ಟ್ ಬದಲು ಅರ್ಧ ಬೇಸ್‌ಮೆಂಟ್ ಮಾಡಿದ್ರಂತೂ ಕೇಳೋದೇ ಬೇಡ. ಇನ್ನು ಎಷ್ಟೋ ಮನೆಗಳಲ್ಲಿ ಆಮೇಲಾಮೇಲೆ ಒಂದು ಬಚ್ಚಲೋ ಅಡುಗೆಮನೆಯೋ ಕಾಂಪೌಂಡಿಗೇ ಅಂಟಿಸಿ ಕಟ್ಟಿರ್ತಾರೆ, ಅಲ್ಲಿ ದೂರ ಸೊನ್ನೆ, ಲೆಕ್ಕ ಮೂರಡಿಗೇ ಮುಗೀತು. ಮಣ್ಣು ಒದ್ದೆ ಇದ್ರೆ, ಅಥವಾ ಹಳೇ ಬಾವಿಯೋ ಗುಂಡಿಯೋ ಮುಚ್ಚಿದ ಜಾಗ ಆದ್ರೆ ಈ 45 ಕೂಡ ನಂಬೋ ಹಾಗಿಲ್ಲ. ಹಾಗಿದ್ರೆ ಅಗೆಯೋದೇ ಬೇಡ್ವಾ? ಬೇಕು, ಮಣ್ಣು ಜಾರದ ಹಾಗೆ ಹಲಗೆಯೋ ತಡೆಗೋಡೆಯೋ ಆಧಾರ ಕೊಟ್ಟು ಅಗೀಬೇಕು. ಅಗೆತದ ಸುರಕ್ಷತೆಗೆ ಅಂತಾನೇ ಐಎಸ್ 3764 ಅನ್ನೋ ಭಾರತೀಯ ಮಾನಕ ಇದೆ. ಸಡಿಲ ಮಣ್ಣಲ್ಲಿ ಐದಡಿ ದಾಟಿದ ಗುಂಡಿಗೆ ಆಧಾರ ಇಲ್ಲದೆ ನಾನಂತೂ ಆಳುಗಳನ್ನ ಇಳಿಸಲ್ಲ. ಪಕ್ಕದ ಮನೆ ಹಾಗಿರಲಿ, ಒಳಗೆ ಕಂಬಿ ಕಟ್ಟೋನು ಒಬ್ಬ ಇದಾನೆ, ಅವನೂರಲ್ಲಿ ಹೆಂಡತಿ ಮಕ್ಕಳಿದಾರೆ.

ಮಣ್ಣು ನೆಟ್ಟಗೆ ನಿಂತಿದೆ ಅನ್ನೋದು ನಿಜ, ಮೋಸ ಇರೋದೇ ಅಲ್ಲಿ. ಬೆಂಗಳೂರಿನ ಕೆಂಪು ಮಣ್ಣು ಸ್ವಲ್ಪ ತೇವ ಇದ್ದಾಗ ಅಂಟಿಕೊಂಡು ಎಂಟಡಿ ಕೂಡ ಗೋಡೆ ತರ ನಿಲ್ಲುತ್ತೆ, ಜೆಸಿಬಿ ಹಲ್ಲಿನ ಗುರುತು ಸಮೇತ. ನಾಲ್ಕು ದಿನ, ಒಂದು ವಾರ, ಕೆಲವು ಸಲ ಒಂದು ತಿಂಗಳು. ಆ ಹಿಡಿತ ಎಲ್ಲಾ ಇರೋದು ಆ ಸ್ವಲ್ಪ ತೇವದಲ್ಲಿ. ಮೇಲಿಂದ ನೀರು ಇಳೀತು ಅಂದ್ರೆ ಹಿಡಿತ ಹೋಯ್ತು, ಮೊದಲು ಅಂಚಿಗೆ ಸಮಾನಾಂತರವಾಗಿ ನೆಲದ ಮೇಲೆ ಕೂದಲೆಳೆ ಬಿರುಕು ಕಾಣುತ್ತೆ, ಅದನ್ನ ಯಾರೂ ನೋಡಲ್ಲ, ಬೆಳಗ್ಗೆ ಎದ್ದಾಗ ಅರ್ಧ ಲೋಡ್ ಮಣ್ಣು ಗುಂಡೀಲಿ ಬಿದ್ದಿರುತ್ತೆ.

ಇದಕ್ಕೆ ನಮ್ಮ ಪಂಚಾಂಗದ್ದೂ ಒಂದು ಪಾಲಿದೆ. ಆಷಾಢದಲ್ಲಿ ಯಾರೂ ಗುದ್ದಲಿ ಪೂಜೆ ಮಾಡಲ್ಲ. ಎಲ್ಲಾ ಶ್ರಾವಣಕ್ಕೆ ಕಾದಿರ್ತಾರೆ. ಪೂಜೆ ಆಗಿ, ಹಳೇ ಮನೆಯ ತೇಗದ ಬಾಗಿಲು ತೊಲೆ ಎಲ್ಲ ವ್ಯಾಪಾರ ಆಗಿ, ಕೆಡವಿ, ಡೆಬ್ರಿ ಸಾಗಿಸಿ ಅಗೆಯೋ ಹೊತ್ತಿಗೆ ಸೆಪ್ಟೆಂಬರ್. ಬೆಂಗಳೂರಲ್ಲಿ ವರ್ಷದ ಅತಿ ಹೆಚ್ಚು ಮಳೆ ಬೀಳೋ ತಿಂಗಳೇ ಅದು. ಪೂಜೆ ಶ್ರಾವಣದಲ್ಲೇ ಮಾಡಿ, ನಾನು ಬೇಡ ಅನ್ನಲ್ಲ, ಈಶಾನ್ಯದಲ್ಲಿ ಒಂದಡಿ ಅಗೆದು ಕಾಯಿ ಒಡೆದು ಬಿಡಿ, ದೊಡ್ಡ ಗುಂಡಿ ಡಿಸೆಂಬರಲ್ಲಿ ತೆಗೀರಿ ಅಂದ್ರೆ "ಬಡ್ಡಿ ಓಡ್ತಿರುತ್ತೆ ಸಾರ್" ಅಂತಾರೆ. ಅದೂ ನಿಜವೇ.

ಒಬ್ಬರು ಗಣಿತದ ಮೇಡಂ ಇದಾರೆ, ರಿಟೈರ್ ಆಗಿ ವರ್ಷಗಳಾಯ್ತು, ಎಪ್ಪತ್ತೈದು ದಾಟಿದೆ. ಮಲ್ಲೇಶ್ವರದ ಒಂದು ಕ್ರಾಸಲ್ಲಿ ಅವರ ಮಾವ ಕಟ್ಟಿಸಿದ ಮನೆ, ಹಿಂದೆ ಕನ್ಸರ್ವೆನ್ಸಿ ಲೇನ್ ಅನ್ನೋ ಹಿತ್ತಲ ಓಣಿ, ಬಲಗಡೆ ಸೈಟಲ್ಲಿ ಒಬ್ಬ ಬಿಲ್ಡರ್ ಕೆಲಸ ಶುರು ಮಾಡಿದ್ದ. ನನ್ನನ್ನ ಕರೆಸಿದ್ರು. ಹೋಗಿ ನೋಡ್ತೀನಿ, ಮಲಗೋ ಕೋಣೆ ಗೋಡೆ ತುಂಬ ಪೆನ್ಸಿಲ್ ಗುರುತು. ಬಿರುಕಿನ ಎರಡೂ ಕಡೆ ಚುಕ್ಕಿ, ಚುಕ್ಕಿಯಿಂದ ಚುಕ್ಕಿಗೆ ಜಾಮಿಟ್ರಿ ಬಾಕ್ಸಿನ ಸ್ಕೇಲಲ್ಲಿ ಅಳತೆ, ಪಕ್ಕದಲ್ಲಿ ತಾರೀಖು, ಟೈಮು. ಬಿರುಕಿನ ತುದೀಲಿ ಅಡ್ಡ ಗೆರೆ, ಅದು ಮುಂದಕ್ಕೆ ಹೋದ್ರೆ ಇನ್ನೊಂದು ಗೆರೆ. ಹನ್ನೊಂದು ದಿನ ಏನೂ ಇಲ್ಲ, ಒಂದು ರಾತ್ರಿ ಮಳೆ ಆದ ಮೇಲೆ ಎರಡು ಮಿಲಿಮೀಟರ್. ನನ್ನ ಸೈಟ್ ಎಂಜಿನಿಯರ್ ಹುಡುಗರು ಇಷ್ಟು ನೀಟಾಗಿ ರೀಡಿಂಗ್ ಬರೆದಿದ್ರೆ ನಾನು ಇಷ್ಟೊತ್ತಿಗೆ ಅರ್ಧ ರಿಟೈರ್ ಆಗಿರ್ತಿದ್ದೆ.

ಬಿಲ್ಡರ್ ಕಡೆಯವನು ಬಂದು, "ಹಳೇ ಮನೆ ಮೇಡಂ, ಬಿರುಕು ಮೊದಲೇ ಇತ್ತು" ಅಂದ. ಅವನ ಮಾತು ಪೂರ್ತಿ ಸುಳ್ಳೂ ಅಲ್ಲ, ಇದನ್ನ ನಾನು ಮೇಡಂಗೂ ಹೇಳ್ದೆ. ನನಗೆ ಕಳಿಸೋ ಎಷ್ಟೋ ಬಿರುಕುಗಳು ಬರೀ ಗಿಲಾವಿನ ಬಿರುಕು, ಬಿಸಿಲಿಗೆ ತಾರಸಿ ಹಿಗ್ಗಿದ್ದು, ಗೋಡೇಲಿ ಹುಟ್ಟಿದ ಅರಳಿ ಗಿಡದ ಕೆಲಸ. ಹಳೇ ಸುಣ್ಣದ ಗಾರೆಯ ಗೋಡೆ ಒಂಚೂರು ಅಲುಗಾಡಿದ್ರೂ ತಡ್ಕೊಳ್ಳುತ್ತೆ, ಸಿಮೆಂಟಿನಷ್ಟು ಸಿಡುಕಲ್ಲ. ಆದ್ರೆ ಮೇಡಂ ಹತ್ತಿರ ತಾರೀಖಿತ್ತು. ಬಿರುಕು ಹಳೇದಿರಬಹುದು, ಆ ಎರಡು ಮಿಲಿಮೀಟರ್ ಹಳೇದಲ್ಲ.

ಆ ಕೇಸಲ್ಲಿ ಕೊನೆಗೆ ಸಿಕ್ಕ ಕಳ್ಳ ಯಾರು ಗೊತ್ತಾ, ಮೇಡಂ ಮನೆಯದೇ ಸಂಪು. ಕಾಂಪೌಂಡ್ ಪಕ್ಕ ಐದಡಿ ಆಳದ ಇಟ್ಟಿಗೆ ಸಂಪು, ಎಷ್ಟೋ ವರ್ಷದಿಂದ ಒಸರುತ್ತಿತ್ತು, ಪಕ್ಕದಲ್ಲಿ ಮಣ್ಣು ಗಟ್ಟಿ ಇದ್ದಷ್ಟು ದಿನ ಯಾರಿಗೂ ಗೊತ್ತಾಗಲಿಲ್ಲ. ಆಚೆ ಕಡೆ ಗುಂಡಿ ತೆಗೆದಿದ್ದೇ ನೀರಿಗೆ ದಾರಿ ಸಿಕ್ತು, ಹೋಗ್ತಾ ಮಣ್ಣನ್ನೂ ಕರ್ಕೊಂಡು ಹೋಯ್ತು. ತಪ್ಪು ಯಾರದು? ಇಬ್ಬರದೂ ಅಂತ ನಾನು ಹೇಳಿದ್ದಕ್ಕೆ ಇಬ್ಬರಿಗೂ ಬೇಜಾರು. ಸಂಪು ಖಾಲಿ ಮಾಡಿಸಿದ್ವಿ, ಗುಂಡಿಗೆ ಆ ರಾತ್ರಿಯೇ ಮರಳಿನ ಮೂಟೆ ಪೇರಿಸಿ ಕಾಂಪೌಂಡ್ ಕಡೆ ಮಣ್ಣು ವಾಪಸ್ ತುಂಬಿಸಿದ್ವಿ. ಆಮೇಲೆ ಒಂದು ಬಿಟ್ಟು ಒಂದು ಅಂತ ನಾಲ್ಕೈದು ಅಡಿ ಉದ್ದದ ತುಂಡು ತುಂಡಾಗಿ ಅಗೆದು, ಒಂದೊಂದು ತುಂಡಿಗೂ ಕಾಂಕ್ರೀಟ್ ತಡೆಗೋಡೆ ಹಾಕಿ, ಅದು ಗಟ್ಟಿ ಆದ ಮೇಲೆ ಮಧ್ಯದ್ದು ಅಗೆದ್ವಿ. ಮೊದಲೇ ಹೀಗೆ ಮಾಡಿದ್ರೆ ಮೂರು ವಾರ ಜಾಸ್ತಿ ಹಿಡೀತಿತ್ತು. ಈಗ ಎರಡು ತಿಂಗಳು ಹಿಡೀತು.

ಖರ್ಚಿನ ವಿಷಯಕ್ಕೆ ಬಂದ್ರೆ ನನಗೆ ಬಿಪಿ ಏರುತ್ತೆ. ಜಯನಗರದಲ್ಲಿ ಒಬ್ಬ ಹುಡುಗ, ಸಾಫ್ಟ್‌ವೇರ್, ಒಳ್ಳೇವನು, ಅಪ್ಪನ 40×60 ಸೈಟಲ್ಲಿ ಕಟ್ಟಿಸ್ತಿದ್ದ. ಇಟಾಲಿಯನ್ ಮಾರ್ಬಲ್ ಓಕೆ, ಮುಂಭಾಗಕ್ಕೆ ಮರದ ತರ ಕಾಣೋ ಪಟ್ಟಿಗಳು ಓಕೆ, ಪಕ್ಕದ ಮನೆ ಕಡೆ ಆಧಾರಕ್ಕೆ ಲಿಫ್ಟಿನ ಅರ್ಧ ಬೆಲೆ ಕೂಡ ಆಗಲ್ಲ ಕಣಯ್ಯ ಅಂದ್ರೆ, "ಅಂಕಲ್, ಅದು ಆಮೇಲೆ ಮಣ್ಣಲ್ಲಿ ಮುಚ್ಚಿಹೋಗುತ್ತಲ್ವಾ?" ನಿನ್ನ ಫುಟಿಂಗ್ ಕೂಡ ಮುಚ್ಚಿಹೋಗುತ್ತಪ್ಪ, ಅದನ್ನೂ ಬಿಟ್ಟುಬಿಡೋಣ್ವಾ ಅಂದೆ. ನಕ್ಕ. ಹಾಕಿಸ್ದ, ಅದೂ ಅವರಮ್ಮ ಗದರಿದ ಮೇಲೆ, ಯಾಕಂದ್ರೆ ಪಕ್ಕದ ಮನೆಯವರು ಅವರ ನಲವತ್ತು ವರ್ಷದ ಗೆಳತಿ.

ಎಲ್ಲರಿಗೂ ಅಂಥ ಅಮ್ಮ ಇರಲ್ಲ, ಅದಕ್ಕೆ ಕಾನೂನು. ನಾನು ವಕೀಲ ಅಲ್ಲ, ನಿಮ್ಮ ವಕೀಲರನ್ನ ಕೇಳಿ. ಆದ್ರೆ 1882ರ ಈಸ್‌ಮೆಂಟ್ ಕಾಯ್ದೆಯ 7ನೇ ಸೆಕ್ಷನ್ನಲ್ಲಿ, ನಿಮ್ಮ ನೆಲಕ್ಕೆ ಪಕ್ಕದ ನೆಲದಿಂದ ಸಹಜವಾಗಿ ಸಿಗೋ ಆಧಾರ ನಿಮ್ಮ ಹಕ್ಕು ಅಂತ ಉದಾಹರಣೆ ಸಮೇತ ಇದೆ. 15ನೇ ಸೆಕ್ಷನ್ನಲ್ಲಿ ಕಟ್ಟಡದ ಮಾತೂ ಬರುತ್ತೆ, ಇಪ್ಪತ್ತು ವರ್ಷ ತಕರಾರಿಲ್ಲದೆ ಆಧಾರ ಪಡೆದಿದ್ರೆ ಅದೂ ಹಕ್ಕಾಗುತ್ತೆ ಅಂತ. ಮೆಟ್ರೋ ಕಾಲದ ಬಿಲ್ಡರ್‌ಗೆ ನೂರ ನಲವತ್ತು ವರ್ಷದ ಹಳೇ ಕಾಯ್ದೆ ತೋರಿಸಿದ್ರೆ ಮುಖ ನೋಡಬೇಕು.

2021ರ ಸೆಪ್ಟೆಂಬರ್ ಕೊನೇಲಿ ಲಕ್ಕಸಂದ್ರದಲ್ಲಿ, ಮುಂದಿನ ತಿಂಗಳು ಕಸ್ತೂರಿನಗರದಲ್ಲಿ ಕಟ್ಟಡ ಕುಸಿದಾಗ ನನಗೆ ತಿಂಗಳು ಪೂರ್ತಿ ಫೋನ್. ಅವುಗಳ ಕಾರಣ ಬೇರೆ ಬೇರೆ, ಅದನ್ನ ಇದಕ್ಕೆ ತಳಕು ಹಾಕಲ್ಲ. ಆದ್ರೆ ಫೋನ್ ಮಾಡಿದವರಲ್ಲಿ ಒಬ್ಬರೂ ಪಕ್ಕದ ಸೈಟಲ್ಲಿ ಬಿಲ್ಡರ್ ಬೋರ್ಡ್ ಹಾಕಿದ ದಿನ ಫೋನ್ ಮಾಡಿದವರಲ್ಲ. ಬೋರ್ಡ್ ಹಾಕಿದ ದಿನವೇ ಮಾಡೋ ಕೆಲಸ ಇದು: ಒಳಗೆ ಹೊರಗೆ ಪ್ರತಿ ಗೋಡೆ, ನೆಲ, ಕಾಂಪೌಂಡ್, ಸಂಪು ಎಲ್ಲಾ ಫೋಟೋ, ಸಾಧ್ಯವಾದ್ರೆ ಅವರ ಎಂಜಿನಿಯರನ್ನೂ ಕರೆದು ಜೊತೇಲಿ ನೋಡಿ ಇಬ್ಬರೂ ಸಹಿ. ಪಾಯದ ಆಳ ಎಷ್ಟು, ಆಧಾರದ ಡ್ರಾಯಿಂಗ್ ಎಲ್ಲಿ ಅಂತ ಸ್ಪೀಡ್ ಪೋಸ್ಟಲ್ಲಿ ಒಂದು ಕಾಗದ. ಜಗಳ ಆಡಬೇಡಿ, ಕಾಫಿ ಕೊಟ್ಟು ಕೇಳಿ. ಕಟ್ಟಿಸೋರಿಗೂ ಇದು ಒಳ್ಳೇದೇ, ನಾಳೆ ಅರಳಿ ಗಿಡದ ಬಿರುಕೆಲ್ಲ ನಿಮ್ಮ ತಲೆಗೆ ಬರಲ್ಲ.

ಮೊನ್ನೆ ಮೇಡಂ ಫೋನ್ ಮಾಡಿದ್ರು. ಎಡಗಡೆ ಮನೆಯವರೂ ಮಾರಿದ್ರಂತೆ. "ಫೋಟೋ ತೆಗ್ದಾಯ್ತಪ್ಪ, ಆದ್ರೆ ತಾರೀಖು ಯಾರು ನಂಬ್ತಾರೆ?" ಅಂದ್ರು. ಅವತ್ತಿನ ಪೇಪರನ್ನ ಗೋಡೆ ಪಕ್ಕ ಹಿಡಿದು ಫೋಟೋ ತೆಗೀರಿ ಮೇಡಂ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪದಬಂಧ ತುಂಬಿಬಿಟ್ಟಿದೀನಿ, ಪರವಾಗಿಲ್ವಾ?" ಅಂದ್ರು.